ಹೆಪಟೈಟಿಸ್ ಸಿ ಚಿಕಿತ್ಸೆ: 84 ದಿನವೋ, 168 ದಿನವೋ? ಅವಧಿ ಗೊತ್ತಾಗುವುದು ಹೇಗೆ, ಪೂರ್ತಿ ಮಾಡುವುದು ಹೇಗೆ

ಹೆಪಟೈಟಿಸ್ ಸಿ ಇದೆ ಎಂಬ ರಿಪೋರ್ಟ್ ಕೈಗೆ ಬಂದವರ ಮೊದಲ ಪ್ರಶ್ನೆ "ವಾಸಿಯಾಗುತ್ತಾ?" ಎರಡನೆಯದು "ಎಷ್ಟು ದಿನ ಮಾತ್ರೆ ನುಂಗಬೇಕು?" ವಾಸಿಯಾಗುತ್ತದೆ. ಮಾತ್ರೆಗಳನ್ನು ಸರಿಯಾಗಿ ಮುಗಿಸಿದ ನೂರು ಜನರಲ್ಲಿ ತೊಂಬತ್ತೈದರ ಆಸುಪಾಸು ಜನರ ದೇಹದಿಂದ ವೈರಸ್ ಪೂರ್ತಿ ಹೊರಟುಹೋಗುತ್ತದೆ. ಹೆಚ್ಚಿನವರಿಗೆ ಚಿಕಿತ್ಸೆ 12 ವಾರ, ಅಂದರೆ 84 ದಿನ. ಕೆಲವರಿಗೆ 24 ವಾರ, ಅಂದರೆ 168 ದಿನ. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ನಿಮ್ಮ ಲಿವರ್‌ನ ಸ್ಥಿತಿ. ರಿಪೋರ್ಟಿನಲ್ಲಿ ವೈರಸ್ ಸಂಖ್ಯೆ ಲಕ್ಷವಿದೆಯೋ ಕೋಟಿಯಿದೆಯೋ ಎಂಬುದರ ಮೇಲೆ ಈಗಿನ ಚಿಕಿತ್ಸೆಯಲ್ಲಿ ಅವಧಿ ನಿಂತಿಲ್ಲ. ಆ ದೊಡ್ಡ ಅಂಕಿ ನೋಡಿ ಗಾಬರಿಪಟ್ಟು ರಾತ್ರಿಯೆಲ್ಲ ನಿದ್ದೆಗೆಡುವವರಿದ್ದಾರೆ. ಅದರ ಅಗತ್ಯವಿಲ್ಲ.

ಹಳೆಯ ಬರಹಗಳನ್ನು ಓದಿದವರಿಗೆ ಅಥವಾ ಹಿಂದೆ ಚಿಕಿತ್ಸೆ ಪಡೆದ ನೆಂಟರಿರುವವರಿಗೆ "24 ವಾರ, 48 ವಾರ ಇಂಜೆಕ್ಷನ್" ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ಅದು ಇಂಟರ್‌ಫೆರಾನ್ ಕಾಲದ ಲೆಕ್ಕ. ವಾರಕ್ಕೊಂದು ಚುಚ್ಚುಮದ್ದು, ಜೊತೆಗೆ ರಿಬಾವಿರಿನ್ ಮಾತ್ರೆ. ವೈರಸ್ಸಿನ ಜಿನೋಟೈಪ್ (ಅಂದರೆ ಅದರ ತಳಿ) 2 ಅಥವಾ 3 ಆಗಿದ್ದರೆ 24 ವಾರ, 1 ಅಥವಾ 4 ಆಗಿದ್ದರೆ 48 ವಾರ. ಜ್ವರ, ಮೈಕೈನೋವು, ಖಿನ್ನತೆ, ರಕ್ತ ಕಡಿಮೆಯಾಗುವುದು ತಡೆಯಲಾರದೆ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಿದ್ದರು. ಈಗಿನ ಮಾತ್ರೆಗಳು ವೈರಸ್ ತನ್ನ ನಕಲು ಮಾಡಿಕೊಳ್ಳಲು ಬಳಸುವ ಪ್ರೋಟೀನುಗಳನ್ನೇ ನೇರವಾಗಿ ತಡೆಯುತ್ತವೆ. ಹಾಗಾಗಿ ಅವಧಿ ಚಿಕ್ಕದಾಗಿದೆ, ಉಪದ್ರವವೂ ಕಡಿಮೆಯಾಗಿದೆ. ಹಳೆಯ ಲೆಕ್ಕ ಮರೆತುಬಿಡಿ.

ಮೊದಲು: ವೈರಸ್ ಈಗಲೂ ಇದೆಯೇ?

ದಾವಣಗೆರೆ, ಚಿತ್ರದುರ್ಗದ ಕಡೆ ಈ ಕಾಯಿಲೆ ಎಷ್ಟೋ ಸಲ ಬೇರೆ ಕೆಲಸಕ್ಕೆ ಹೋದಾಗ ಪತ್ತೆಯಾಗುತ್ತದೆ. ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆ, ಗರ್ಭಿಣಿಯರ ತಪಾಸಣೆ, ರಕ್ತದಾನ, ಡಯಾಲಿಸಿಸ್ ಶುರು ಮಾಡುವ ಮೊದಲಿನ ಪರೀಕ್ಷೆ. ಅಲ್ಲಿ ಸಿಗುವುದು "ಆ್ಯಂಟಿ ಎಚ್‌ಸಿವಿ ರಿಯಾಕ್ಟಿವ್" ಎಂಬ ಒಂದು ಸಾಲು. ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್. ಇದು ಪ್ರತಿಕಾಯದ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ಅಂಶದ, ಪರೀಕ್ಷೆ. ವೈರಸ್ ಒಮ್ಮೆ ದೇಹಕ್ಕೆ ಬಂದಿತ್ತು ಎಂದಷ್ಟೇ ಅದು ಹೇಳುತ್ತದೆ, ಈಗಲೂ ಇದೆಯೇ ಎಂದು ಹೇಳುವುದಿಲ್ಲ. ಸೋಂಕು ತಗುಲಿದವರಲ್ಲಿ ನೂರಕ್ಕೆ 15ರಿಂದ 45 ಜನರ ದೇಹ ಮೊದಲ ಆರು ತಿಂಗಳೊಳಗೆ ತಾನೇ ವೈರಸ್ಸನ್ನು ಹೊರಹಾಕುತ್ತದೆ. ಅಂಥವರಿಗೂ ಪ್ರತಿಕಾಯ ಜೀವನಪೂರ್ತಿ ಉಳಿಯುತ್ತದೆ.

ಆದ್ದರಿಂದ ಆ ಒಂದು ಸಾಲು ನೋಡಿ ಮಾತ್ರೆ ಶುರು ಮಾಡುವಂತಿಲ್ಲ. ಮುಂದಿನ ಪರೀಕ್ಷೆ ಎಚ್‌ಸಿವಿ ಆರ್‌ಎನ್‌ಎ, ಸಾಮಾನ್ಯವಾಗಿ "ವೈರಲ್ ಲೋಡ್" ಎನ್ನುತ್ತಾರೆ. ಕ್ಷಯಕ್ಕೆ ಕಫ ಪರೀಕ್ಷಿಸುವ ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್ ಯಂತ್ರಗಳಲ್ಲೂ ಈ ಪರೀಕ್ಷೆ ಮಾಡಬಹುದು. ವೈರಸ್ ಕಂಡುಬಂದರೆ ಮಾತ್ರ ಚಿಕಿತ್ಸೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಸೋಂಕನ್ನು ದೀರ್ಘಕಾಲದ್ದು ಎನ್ನುತ್ತಾರೆ. ಮೈ ಹಳದಿಯಾಗದೆ, ಜ್ವರವೂ ಬಾರದೆ, ಅದು ಹತ್ತಿಪ್ಪತ್ತು ವರ್ಷ ಸುಮ್ಮನೆ ಲಿವರ್ ಕೆಡಿಸುತ್ತಾ ಹೋಗುತ್ತದೆ. "ಕಾಮಾಲೆ ಆಗಿಲ್ಲವಲ್ಲ, ಹಾಗಾದರೆ ಏನೂ ಇಲ್ಲ" ಎನ್ನುವುದು ಈ ಕಾಯಿಲೆಯಲ್ಲಿ ಬಹಳ ಅಪಾಯದ ಲೆಕ್ಕ.

ಖರ್ಚಿನ ಚಿಂತೆಯಿಂದ ಇಲ್ಲೇ ನಿಂತುಬಿಡಬೇಡಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದವರು ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮೆಡಿಸಿನ್ ವಿಭಾಗಕ್ಕೆ ಹೋಗಿ "ಹೆಪಟೈಟಿಸ್ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರ ಎಲ್ಲಿದೆ" ಎಂದು ಹೆಸರು ಹಿಡಿದೇ ಕೇಳಿ. ಬರೀ "ಲಿವರ್ ಡಾಕ್ಟರ್ ಎಲ್ಲಿ" ಎಂದು ಕೇಳಿದರೆ ಸುತ್ತಾಟ ಜಾಸ್ತಿಯಾದೀತು. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದಂಥ ದೂರದ ಊರಿನವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಹೊರಡುವುದು ಒಳ್ಳೆಯದು.

ಲಿವರ್ ಎಷ್ಟು ಗಟ್ಟಿಯಾಗಿದೆ?

ಅವಧಿಯ ಕೀಲಿ ಇರುವುದೇ ಇಲ್ಲಿ. ವರ್ಷಗಟ್ಟಲೆ ಉರಿಯೂತವಾದಾಗ ಲಿವರ್‌ನಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಅದು ಲಿವರ್ ಪೂರ್ತಿ ಹಬ್ಬಿ ಗಂಟುಗಂಟಾದರೆ ಅದೇ ಸಿರೋಸಿಸ್. ಇದನ್ನು ಅಂದಾಜು ಮಾಡಲು ಎರಡು ಸರಳ ಲೆಕ್ಕಗಳಿವೆ. ಮೂರು ಸಾಮಾನ್ಯ ರಕ್ತಪರೀಕ್ಷೆ ಸಾಕು: ಎಎಸ್‌ಟಿ (ಕೆಲವು ಲ್ಯಾಬ್‌ಗಳಲ್ಲಿ ಎಸ್‌ಜಿಒಟಿ ಎಂದಿರುತ್ತದೆ), ಎಎಲ್‌ಟಿ (ಎಸ್‌ಜಿಪಿಟಿ), ಪ್ಲೇಟ್‌ಲೆಟ್ ಎಣಿಕೆ.

ಮೊದಲನೆಯದು ಏಪ್ರಿ. ನಿಮ್ಮ ಎಎಸ್‌ಟಿಯನ್ನು ಲ್ಯಾಬ್ ಕೊಟ್ಟಿರುವ ಗರಿಷ್ಠ ಸಹಜ ಮಿತಿಯಿಂದ (ಬಹುತೇಕ 40) ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್‌ನಿಂದ ಭಾಗಿಸಿ. ಎರಡನೆಯದು ಫಿಬ್-4. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಬಂದದ್ದನ್ನು ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ.

ಹೆಚ್ಚಿನವರು ಎಡವುವುದು ಪ್ಲೇಟ್‌ಲೆಟ್‌ನಲ್ಲಿ. ನಮ್ಮ ಲ್ಯಾಬ್‌ಗಳು ಅದನ್ನು "1.6 ಲಕ್ಷ" ಎಂದು ಬರೆಯುತ್ತವೆ. ಸೂತ್ರಕ್ಕೆ ಬೇಕಾದದ್ದು ಸಾವಿರದ ಲೆಕ್ಕ, ಅಂದರೆ 160. ಲಕ್ಷದ ಅಂಕಿಯನ್ನು 100ರಿಂದ ಗುಣಿಸಿಕೊಳ್ಳಿ. 1.6 ಎಂದೇ ಹಾಕಿದರೆ ಉತ್ತರ ನೂರು ಪಟ್ಟು ಹೆಚ್ಚಾಗಿ, ಆರೋಗ್ಯವಂತರಿಗೂ ಸಿರೋಸಿಸ್ ಎಂದು ತೋರಿಸುತ್ತದೆ.

ಉದಾಹರಣೆಗೆ 52 ವರ್ಷದವರೊಬ್ಬರು, ಎಎಸ್‌ಟಿ 68, ಎಎಲ್‌ಟಿ 64, ಪ್ಲೇಟ್‌ಲೆಟ್ 1.6 ಲಕ್ಷ ಎಂದಿಟ್ಟುಕೊಳ್ಳೋಣ. ಏಪ್ರಿ: 68 ಭಾಗಿಸು 40 ಅಂದರೆ 1.7, ನೂರರಿಂದ ಗುಣಿಸಿದರೆ 170, 160ರಿಂದ ಭಾಗಿಸಿದರೆ 1.06. ಫಿಬ್-4: 52 ಗುಣಿಸು 68 ಅಂದರೆ 3536, 64ರ ವರ್ಗಮೂಲ 8, ಅದನ್ನು 160ರಿಂದ ಗುಣಿಸಿದರೆ 1280, ಉತ್ತರ 2.76. ಏಪ್ರಿ 2 ಅಥವಾ ಹೆಚ್ಚು, ಇಲ್ಲವೇ ಫಿಬ್-4 3.25ಕ್ಕಿಂತ ಹೆಚ್ಚು ಬಂದರೆ ಸಿರೋಸಿಸ್ ಇರಬಹುದೆಂದು ಶಂಕಿಸುತ್ತಾರೆ. ಇವರದು ಎರಡೂ ಅದರೊಳಗಿದೆ.

ಅದೇ ವ್ಯಕ್ತಿಯ ಪ್ಲೇಟ್‌ಲೆಟ್ ಮಾತ್ರ 90 ಸಾವಿರ ಆಗಿದ್ದರೆ? ಏಪ್ರಿ 1.89, ಫಿಬ್-4 4.91. ಒಂದು ಲೆಕ್ಕ ಹೌದು ಎನ್ನುತ್ತದೆ, ಇನ್ನೊಂದು ಗಡಿಯಲ್ಲಿ ನಿಲ್ಲುತ್ತದೆ. ಇಂಥ ಕಡೆ ಅಲ್ಟ್ರಾಸೌಂಡ್ ಸ್ಕ್ಯಾನ್, ಸಿಗುವ ಕಡೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಪರೀಕ್ಷೆ) ನೆರವಿಗೆ ಬರುತ್ತದೆ. ಸ್ಕ್ಯಾನ್‌ನಲ್ಲಿ ಲಿವರ್‌ನ ಅಂಚು ಏರುಪೇರಾಗಿರುವುದು, ಗುಲ್ಮ (ಸ್ಪ್ಲೀನ್) ದಪ್ಪವಾಗಿರುವುದು, ಹೊಟ್ಟೆಯಲ್ಲಿ ನೀರು ನಿಂತಿರುವುದು ಕಾಣುತ್ತದೆ. ಗುಲ್ಮ ದಪ್ಪಗಾದರೆ ಪ್ಲೇಟ್‌ಲೆಟ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾದಷ್ಟೂ ವೈದ್ಯರು ಲಿವರ್ ಕಡೆ ನೋಡುವುದು ಇದೇ ಕಾರಣಕ್ಕೆ. ಇನ್ನೊಂದು ಎಚ್ಚರಿಕೆ: ಫಿಬ್-4 ವಯಸ್ಸನ್ನು ಹಿಡಿದು ನಡೆಯುವ ಲೆಕ್ಕ, 35ರ ಒಳಗಿನವರಲ್ಲಿ ಮತ್ತು 65 ದಾಟಿದವರಲ್ಲಿ ಅದರ ಮೇಲೆ ಅಷ್ಟು ಭರವಸೆ ಇಡುವಂತಿಲ್ಲ. ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಿರುವಾಗ ಈ ಲೆಕ್ಕ ಹಾಕಲೇಬೇಡಿ.

ಸಿರೋಸಿಸ್ ಇದ್ದರೆ ಇನ್ನೊಂದು ಹೆಜ್ಜೆ ಇದೆ. ಲಿವರ್ ಇನ್ನೂ ಕೆಲಸ ನಿಭಾಯಿಸುತ್ತಿದೆಯೋ ಸೋತಿದೆಯೋ ಎಂಬುದನ್ನು ಚೈಲ್ಡ್-ಪ್ಯೂ ಎಂಬ ಅಂಕದಿಂದ ಅಳೆಯುತ್ತಾರೆ. ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್ (ಈ ಮೂರೂ ರಕ್ತಪರೀಕ್ಷೆ), ಹೊಟ್ಟೆಯ ನೀರು, ಬುದ್ಧಿ ಮಂಕಾಗುವುದು ಈ ಐದಕ್ಕೂ 1ರಿಂದ 3 ಅಂಕ. ಒಟ್ಟು 5 ಅಥವಾ 6 ಬಂದರೆ ಎ ವರ್ಗ, 7ರಿಂದ 9 ಬಿ, 10ರಿಂದ 15 ಸಿ. ಈಗ ಚೆನ್ನಾಗಿ ಕಂಡರೂ ಹಿಂದೊಮ್ಮೆ ಹೊಟ್ಟೆಯಲ್ಲಿ ನೀರು ತುಂಬಿತ್ತೇ, ರಕ್ತವಾಂತಿ ಆಗಿತ್ತೇ, ಕಪ್ಪು ಮಲ ಹೋಗಿತ್ತೇ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ಅದೊಂದು ಮಾತು ಅವಧಿಯನ್ನೂ ಔಷಧವನ್ನೂ ಬದಲಿಸಬಲ್ಲದು.

ಯಾರಿಗೆ ಎಷ್ಟು ದಿನ

ರಾಷ್ಟ್ರೀಯ ಕಾರ್ಯಕ್ರಮದ ಕ್ರಮ ಹೀಗಿದೆ.

ಸಿರೋಸಿಸ್ ಇಲ್ಲದವರಿಗೆ ಸೊಫೋಸ್ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 84 ದಿನ.

ಸಿರೋಸಿಸ್ ಇದ್ದು ಲಿವರ್ ನಿಭಾಯಿಸುತ್ತಿರುವವರಿಗೆ, ಅಂದರೆ ಎ ವರ್ಗದವರಿಗೆ, ಸೊಫೋಸ್ಬುವಿರ್ 400 ಮತ್ತು ವೆಲ್ಪಟಾಸ್ವಿರ್ 100 ಮಿಲಿಗ್ರಾಂ. ದಿನಕ್ಕೊಮ್ಮೆ, 84 ದಿನ.

ಲಿವರ್ ಸೋತಿರುವ ಬಿ ಮತ್ತು ಸಿ ವರ್ಗದವರಿಗೆ ಅದೇ ಸೊಫೋಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಜೊತೆಗೆ ರಿಬಾವಿರಿನ್, 84 ದಿನ. ರಿಬಾವಿರಿನ್ ತಡೆದುಕೊಳ್ಳಲಾಗದವರಿಗೆ ಅದನ್ನು ಬಿಟ್ಟು ಉಳಿದ ಎರಡನ್ನೇ 168 ದಿನ. 24 ವಾರದ ಚಿಕಿತ್ಸೆ ಈಗ ಉಳಿದಿರುವುದು ಮುಖ್ಯವಾಗಿ ಈ ಗುಂಪಿಗೆ. ಇವರನ್ನು ಜಿಲ್ಲಾ ಮಟ್ಟದಲ್ಲಿ ನಿಭಾಯಿಸದೆ ಮಾದರಿ ಚಿಕಿತ್ಸಾ ಕೇಂದ್ರಕ್ಕೆ, ಅಂದರೆ ಇದೇ ಕಾರ್ಯಕ್ರಮದ ದೊಡ್ಡ ಕೇಂದ್ರಕ್ಕೆ, ಕಳಿಸುತ್ತಾರೆ. ಕಳಿಸಿದರೆ ಹೋಗಿ. ಸೋತ ಲಿವರ್‌ಗೆ ಕೆಲವು ಔಷಧಗಳು ಅಪಾಯ, ಉದಾಹರಣೆಗೆ ಗ್ಲೆಕಾಪ್ರೆವಿರ್, ವಾಕ್ಸಿಲಾಪ್ರೆವಿರ್ ಇರುವ ಮಾತ್ರೆಗಳನ್ನು ಇವರಿಗೆ ಕೊಡುವಂತಿಲ್ಲ.

ಖಾಸಗಿ ವೈದ್ಯರಲ್ಲಿ ಅವಧಿ ಬೇರೆಯಾಗಿ ಕಂಡರೆ ತಪ್ಪೆಂದುಕೊಳ್ಳಬೇಡಿ. ಸಿರೋಸಿಸ್ ಇರುವವರಿಗೆ ಸೊಫೋಸ್ಬುವಿರ್-ಡಕ್ಲಾಟಾಸ್ವಿರ್ ಜೋಡಿಯನ್ನೇ ಕೊಡುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುವುದು 24 ವಾರ. ವೆಲ್ಪಟಾಸ್ವಿರ್ ಆದರೆ 12 ವಾರ ಸಾಕು. ಪಕ್ಕದ ಮನೆಯವರಿಗೆ ಆರು ತಿಂಗಳು, ನಿಮಗೆ ಮೂರೇ ತಿಂಗಳು ಎಂದರೆ ನಿಮಗೆ ಕಡಿಮೆ ಚಿಕಿತ್ಸೆ ಕೊಟ್ಟಿದ್ದಾರೆ ಎಂದಲ್ಲ, ಮಾತ್ರೆಯೇ ಬೇರೆ ಇರಬಹುದು. ಅವಧಿ ಕೇಳುವಾಗ ಮಾತ್ರೆಯ ಹೆಸರನ್ನೂ ಕೂಡಿಸಿ ಕೇಳಿ.

ಭಾರತದಲ್ಲಿ ಹೆಚ್ಚು ಕಾಣುವುದು ಜಿನೋಟೈಪ್ 3, ಆಮೇಲೆ 1. ಮೇಲಿನ ಜೋಡಿಗಳು ಎಲ್ಲ ಜಿನೋಟೈಪ್‌ಗಳ ಮೇಲೂ ಕೆಲಸ ಮಾಡುವುದರಿಂದ ಮೊದಲ ಸಲ ಚಿಕಿತ್ಸೆ ಪಡೆಯುವವರಿಗೆ ಜಿನೋಟೈಪ್ ಪರೀಕ್ಷೆ ಕಡ್ಡಾಯವಲ್ಲ. ಆದರೂ ಸಿರೋಸಿಸ್ ಮತ್ತು ಜಿನೋಟೈಪ್ 3 ಎರಡೂ ಸೇರಿದರೆ ವಾಸಿ ಮಾಡುವುದು ಸ್ವಲ್ಪ ಕಷ್ಟ. ಅಂಥವರಿಗೆ ಕೆಲವು ತಜ್ಞರು ರಿಬಾವಿರಿನ್ ಸೇರಿಸುತ್ತಾರೆ.

ಮಾತ್ರೆ ಬರೆಸಿಕೊಳ್ಳುವ ಮೊದಲು ಬಾಯಿಬಿಟ್ಟು ಹೇಳಬೇಕಾದವು

ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಸುರಿಯಿರಿ. ಬಾಯಲ್ಲಿ ಹೇಳುವಾಗ "ಬಿಪಿ ಮಾತ್ರೆ, ಬಿಳಿ ಮಾತ್ರೆ" ಎಂದಷ್ಟೇ ಆಗುತ್ತದೆ.

ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಹೆಪಟೈಟಿಸ್ ಸಿ ಮಾತ್ರೆ ಶುರು ಮಾಡುವಂತಿಲ್ಲ. ಅದು ಈ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ತೀರಾ ಇಳಿಸಿಬಿಡುತ್ತದೆ. ಸಾಮಾನ್ಯವಾಗಿ ಕ್ಷಯದ ಚಿಕಿತ್ಸೆ ಮೊದಲು ಮುಗಿಯಬೇಕು. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್, ಫೆನೋಬಾರ್ಬಿಟೋನ್ ಕೂಡ ಹಾಗೆಯೇ. ಅವನ್ನು ನೀವಾಗಿಯೇ ನಿಲ್ಲಿಸಿದರೆ ಮೂರ್ಛೆ ಬಂದು ಪ್ರಾಣಕ್ಕೇ ಕುತ್ತು. ನರರೋಗ ತಜ್ಞರು ಬೇರೆ ಮಾತ್ರೆಗೆ ಬದಲಿಸಿದ ಮೇಲೆ ಈ ಚಿಕಿತ್ಸೆ ಶುರುವಾಗಬೇಕು. ಹೃದಯ ಬಡಿತಕ್ಕೆ ಅಮಿಯೋಡರೋನ್ ತೆಗೆದುಕೊಳ್ಳುವವರಿಗೆ ಸೊಫೋಸ್ಬುವಿರ್ ಸೇರಿದರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. ಎಚ್‌ಐವಿಗೆ ಎಫವಿರೆಂಜ್ ನುಂಗುತ್ತಿದ್ದರೆ ವೆಲ್ಪಟಾಸ್ವಿರ್ ಹೊಂದುವುದಿಲ್ಲ, ಡಕ್ಲಾಟಾಸ್ವಿರ್ ಆದರೆ 90 ಮಿಲಿಗ್ರಾಂಗೆ ಏರಿಸಬೇಕಾಗುತ್ತದೆ. ಕೊಲೆಸ್ಟೆರಾಲ್ ಮಾತ್ರೆಯ ಪ್ರಮಾಣವನ್ನೂ ವೈದ್ಯರು ಒಮ್ಮೆ ನೋಡಬೇಕು.

ಹೆಪಟೈಟಿಸ್ ಬಿ ಪರೀಕ್ಷೆ, ಅಂದರೆ ಎಚ್‌ಬಿಎಸ್‌ಎಜಿ, ಆಗದೆ ಒಂದು ಮಾತ್ರೆಯನ್ನೂ ನುಂಗಬೇಡಿ. ಎರಡೂ ವೈರಸ್ ಇದ್ದಾಗ ಸಿ ಅಡಗಿದ ಕೂಡಲೇ ಬಿ ಹೆಡೆಯೆತ್ತಿ ಲಿವರ್ ದಿಢೀರನೆ ಕೈಕೊಟ್ಟ ಪ್ರಕರಣಗಳಿವೆ. ಬಿ ಇರುವವರಿಗೆ ಟೆನೋಫೋವಿರ್ ಅಥವಾ ಎಂಟೆಕಾವಿರ್ ರಕ್ಷಣೆ ಕೊಟ್ಟು, ಸಿ ಚಿಕಿತ್ಸೆ ಮುಗಿದು ಕನಿಷ್ಠ 12 ವಾರದವರೆಗೂ ಮುಂದುವರಿಸುತ್ತಾರೆ.

ಡಯಾಲಿಸಿಸ್‌ನಲ್ಲಿರುವವರಿಗೂ ಚಿಕಿತ್ಸೆ ಇದೆ. "ಕಿಡ್ನಿ ಹೋಗಿದೆ, ಹಾಗಾಗಿ ಆಗಲ್ಲ" ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. ಸೊಫೋಸ್ಬುವಿರ್ ಇರುವ ಜೋಡಿಯನ್ನು ಪ್ರಮಾಣ ಬದಲಿಸದೆ ಅವರಿಗೂ ಕೊಡುತ್ತಾರೆ. ಗರ್ಭಿಣಿಯರು ಮಾತ್ರ ಹೆರಿಗೆವರೆಗೆ ಕಾಯಬೇಕು. ರಿಬಾವಿರಿನ್ ಸೇರಿದ್ದರೆ ಗಂಡಸರಾಗಲಿ ಹೆಂಗಸರಾಗಲಿ ಚಿಕಿತ್ಸೆಯ ವೇಳೆ ಮತ್ತು ಆಮೇಲೆ ಕನಿಷ್ಠ ಆರು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು; ಅದು ಮಗುವಿನ ಅಂಗಾಂಗಗಳನ್ನು ಕೆಡಿಸುತ್ತದೆ.

ನಾಟಿ ಕಾಮಾಲೆ ಔಷಧಿಯ ಬಗ್ಗೆಯೂ ಮುಚ್ಚುಮರೆ ಬೇಡ. ನಮ್ಮ ಕಡೆ ಲಿವರ್ ಎಂದ ಕೂಡಲೇ ಸೊಪ್ಪಿನ ರಸ, ಪಥ್ಯ ಎಂದು ಹೊರಡುವುದು ರೂಢಿ. ಹೆಪಟೈಟಿಸ್ ಎ ತಾನೇ ವಾಸಿಯಾಗುವ ಕಾಯಿಲೆಯಾದ್ದರಿಂದ ಅದರ ಯಶಸ್ಸು ಆ ಔಷಧಿಗಳ ಹೆಸರಿಗೆ ಹೋಗಿದೆ. ದೀರ್ಘಕಾಲದ ಹೆಪಟೈಟಿಸ್ ಸಿ ತಾನಾಗಿ ಹೋಗುವುದು ತೀರಾ ಅಪರೂಪ. ಏನು ಸೇರಿದೆ ಎಂದು ತಿಳಿಯದ ರಸ ಈ 84 ದಿನ ಬೇಡ. ಅದು ಮಾತ್ರೆಯನ್ನೂ ಕೆಡಿಸಬಹುದು, ಲಿವರನ್ನೂ ಕೆಡಿಸಬಹುದು.

ಕ್ಯಾಲೆಂಡರ್ ಗುರುತು

84 ದಿನ ಎಂದರೆ ಮೂರು ತಿಂಗಳಲ್ಲ. 28 ಮಾತ್ರೆಯ ಮೂರು ಡಬ್ಬಿ. 2026ರ ಜನವರಿ 5, ಸೋಮವಾರ ಮೊದಲ ಮಾತ್ರೆ ನುಂಗಿದರೆ ಅದೇ 1ನೇ ದಿನ. 28ನೇ ದಿನ ಫೆಬ್ರವರಿ 1, 56ನೇ ದಿನ ಮಾರ್ಚ್ 1. ಕೊನೆಯ, 84ನೇ ಮಾತ್ರೆ ಮಾರ್ಚ್ 29, ಭಾನುವಾರ. ಯುಗಾದಿ ಕಳೆದು ಹತ್ತನೇ ದಿನ. 168 ದಿನದವರಿಗೆ ಕೊನೆಯ ಮಾತ್ರೆ ಜೂನ್ 21. ಗೋಡೆ ಕ್ಯಾಲೆಂಡರಿನಲ್ಲಿ ಈ ದಿನಾಂಕಗಳನ್ನು ಮೊದಲೇ ಸುತ್ತಿಡಿ, ನುಂಗಿದ ದಿನಕ್ಕೆ ಅಡ್ಡಗೆರೆ ಹಾಕುತ್ತಾ ಹೋಗಿ. ಡಬ್ಬಿಯ ಮುಚ್ಚಳದ ಮೇಲೆ 1, 2, 3 ಎಂದು ಬರೆದಿಡಿ.

ಡಬ್ಬಿಯಲ್ಲಿ ಏಳು ಮಾತ್ರೆ ಉಳಿದಾಗಲೇ ಮುಂದಿನದಕ್ಕೆ ಹೋಗಿ. ಕೊನೆಯ ದಿನ ಹೋದರೆ ಅಂದು ಸರ್ಕಾರಿ ರಜೆ, ಇಲ್ಲವೇ ವೈದ್ಯರು ಇಲ್ಲ, ಇಲ್ಲವೇ ದಾಸ್ತಾನು ಬಂದಿಲ್ಲ. ನಾಲ್ಕು ದಿನ ಸುಮ್ಮನೆ ತಪ್ಪುತ್ತದೆ. ನಾಯಕನಹಟ್ಟಿ ಜಾತ್ರೆ, ದುರ್ಗಾಂಬಿಕೆ ಜಾತ್ರೆ, ಮದುವೆ ಎಂದು ಊರು ಬಿಡುವಾಗ ಡಬ್ಬಿ ಕೈಚೀಲದಲ್ಲಿರಲಿ. ಬಿಸಿಲಲ್ಲಿ ನಿಂತ ಬಸ್ಸಿನ ಮೇಲಿನ ಲಗೇಜು, ತಗಡಿನ ಮನೆಯ ಅಟ್ಟ, ಟಿವಿ ಮೇಲಿನ ಜಾಗ ಬೇಡ. ಈ ಮಾತ್ರೆಗಳನ್ನು 30 ಡಿಗ್ರಿಗಿಂತ ಕೆಳಗೆ, ಒಣ ಜಾಗದಲ್ಲಿ ಇಡಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಮನೆಯ ಅತಿ ತಂಪು ಕೋಣೆಯ ಕೆಳಗಿನ ಕಪಾಟೇ ಸರಿ. ಡಬ್ಬಿಯಲ್ಲಿರುವ ತೇವ ಹೀರುವ ಪೊಟ್ಟಣ ಬಿಸಾಡಬೇಡಿ, ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ.

ಹೊತ್ತು ಯಾವುದಾದರೂ ಆಗಬಹುದು, ದಿನವೂ ಒಂದೇ ಆಗಿರಬೇಕು. ಬೆಳಗಿನ ತಿಂಡಿಯ ಜೊತೆ ಎಂದಿಟ್ಟುಕೊಂಡರೆ ಮರೆವು ಕಡಿಮೆ. ತಿಂಡಿ ಬೆಣ್ಣೆದೋಸೆಯೋ ಮಂಡಕ್ಕಿಯೋ, ಮಾತ್ರೆಗೆ ವ್ಯತ್ಯಾಸವಿಲ್ಲ.

ಗ್ಯಾಸ್ಟ್ರಿಕ್ ಮಾತ್ರೆ: ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಅಡ್ಡಿ

ಎದೆಯುರಿಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನುಂಗುವುದನ್ನು ನಮ್ಮಲ್ಲಿ ಔಷಧಿ ಎಂದೇ ಎಣಿಸುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ತಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುತ್ತಾರೆ. ವೆಲ್ಪಟಾಸ್ವಿರ್ ಕರಗಲು ಹೊಟ್ಟೆಯ ಆಮ್ಲ ಬೇಕು. ಆಮ್ಲ ತಗ್ಗಿದರೆ ಮಾತ್ರೆ ಪೂರ್ತಿ ಹೀರಿಕೆಯಾಗುವುದಿಲ್ಲ. ದಿನವೂ ತಪ್ಪದೆ ನುಂಗಿಯೂ 84 ದಿನ ಅರ್ಧ ಪ್ರಮಾಣವಷ್ಟೇ ದೇಹಕ್ಕೆ ಸೇರಿದ ಹಾಗಾಗುತ್ತದೆ.

ಬಿಡಬಹುದಾದರೆ ಅಷ್ಟು ದಿನ ಬಿಟ್ಟುಬಿಡಿ. ಬಿಡಲೇ ಆಗದಿದ್ದರೆ ಕ್ರಮ ತಿರುಗಿಸಿ: ವೆಲ್ಪಟಾಸ್ವಿರ್ ಮಾತ್ರೆ ಬೆಳಿಗ್ಗೆ 8ಕ್ಕೆ ತಿಂಡಿಯೊಂದಿಗೆ, ಗ್ಯಾಸ್ಟ್ರಿಕ್ ಮಾತ್ರೆ ನಾಲ್ಕು ಗಂಟೆ ಕಳೆದು 12ರ ನಂತರ. ಒಮೆಪ್ರಜೋಲ್ 20 ಮಿಲಿಗ್ರಾಂ ಮೀರಬಾರದು. ಡೈಜೀನ್, ಜೆಲುಸಿಲ್ ತರಹದ ಸಿರಪ್ಪಿಗೂ ನಾಲ್ಕು ಗಂಟೆಯ ಅಂತರ ಇರಲಿ. ಫಾಮೊಟಿಡಿನ್ 40 ಮಿಲಿಗ್ರಾಂ ಆದರೆ ಜೊತೆಗೇ ಇಲ್ಲವೇ 12 ಗಂಟೆ ಬಿಟ್ಟು. ಡಕ್ಲಾಟಾಸ್ವಿರ್ ಜೋಡಿಗೆ ಈ ತೊಂದರೆ ಇಲ್ಲ.

ನೋವಿಗೆ ಡೈಕ್ಲೋಫಿನಾಕ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸ ಸಿರೋಸಿಸ್ ಇರುವವರು ಬಿಡಲೇಬೇಕು, ಕಿಡ್ನಿಗೆ ಕುತ್ತು. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ ಆಗಬಹುದು.

ಮಾತ್ರೆ ತಪ್ಪಿದರೆ

ಒಂದು ಹೊತ್ತು ಮರೆತು 18 ಗಂಟೆಯೊಳಗೆ ನೆನಪಾದರೆ ಆಗಲೇ ನುಂಗಿ, ನಾಳೆಯದು ಎಂದಿನ ಹೊತ್ತಿಗೇ. 18 ಗಂಟೆ ದಾಟಿದ್ದರೆ ಅದನ್ನು ಬಿಟ್ಟು ಮುಂದಿನದು. ಎರಡು ಸೇರಿಸಿ ನುಂಗಬೇಡಿ. ನುಂಗಿದ ಮೇಲೆ ವಾಂತಿಯಾದರೆ: ಸೊಫೋಸ್ಬುವಿರ್ ಆಗಿದ್ದರೆ 2 ಗಂಟೆಯೊಳಗೆ, ವೆಲ್ಪಟಾಸ್ವಿರ್ ಸೇರಿದ ಮಾತ್ರೆಯಾದರೆ 3 ಗಂಟೆಯೊಳಗೆ ಆಗಿದ್ದಲ್ಲಿ ಇನ್ನೊಂದು ತೆಗೆದುಕೊಳ್ಳಬೇಕು. ಹೀಗೆ ಬಳಸಿದ ಮಾತ್ರೆ ಕೊನೆಯಲ್ಲಿ ಒಂದು ಕಡಿಮೆ ಬೀಳುತ್ತದೆ, ಕೇಂದ್ರಕ್ಕೆ ಹೇಳಿ ಪಡೆಯಿರಿ.

ಹಲವು ದಿನ ಸತತವಾಗಿ ತಪ್ಪಿದರೆ ಅವಧಿಯ ಲೆಕ್ಕವೇ ಬದಲಾಗಬಹುದು. ಏಳು ದಿನದೊಳಗಾದರೆ ತಕ್ಷಣ ಮತ್ತೆ ಶುರು ಮಾಡಿ ಒಟ್ಟು ಅವಧಿಯ ಮಾತ್ರೆಗಳನ್ನು ಮುಗಿಸುವುದು. ಮೊದಲ 28 ದಿನದೊಳಗೆ ಎಂಟು ದಿನ ಅಥವಾ ಹೆಚ್ಚು ತಪ್ಪಿದ್ದರೆ ಕಾಯದೆ ಮತ್ತೆ ಶುರು ಮಾಡಿ, ಆರ್‌ಎನ್‌ಎ ಪರೀಕ್ಷೆ ಮಾಡಿಸುತ್ತಾರೆ. ವೈರಸ್ ಕಾಣದಿದ್ದರೆ ಮೊದಲಿನ ಅವಧಿ. ಕಂಡರೆ, ಅಥವಾ ಜಿನೋಟೈಪ್ 3, ಸಿರೋಸಿಸ್ ಇದ್ದರೆ ಇನ್ನೂ 4 ವಾರ ಸೇರಿಸುವುದನ್ನು ತಜ್ಞರು ಯೋಚಿಸುತ್ತಾರೆ. 28 ದಿನ ಕಳೆದ ಮೇಲೆ 8ರಿಂದ 20 ದಿನ ತಪ್ಪಿದ್ದರೂ ಪರೀಕ್ಷೆ ಬೇಕು. ಆಗ ವೈರಸ್ ಕಂಡರೆ ಮಾತ್ರೆ ನಿಲ್ಲಿಸಿ ಬೇರೆ ಚಿಕಿತ್ಸೆಗೆ ಹೋಗುತ್ತಾರೆ. 21 ದಿನ ಅಥವಾ ಹೆಚ್ಚಾದರೆ ನಿಲ್ಲಿಸಿ, 12 ವಾರದ ನಂತರ ವೈರಸ್ ಇದೆಯೇ ನೋಡುತ್ತಾರೆ. ಇದೆಲ್ಲ ವೈದ್ಯರ ತೀರ್ಮಾನ. ನಿಮ್ಮ ಕೆಲಸ ತಪ್ಪಿದ ದಿನಗಳನ್ನು ಮುಚ್ಚಿಡದೆ ಹೇಳುವುದು. ಬೈಯುತ್ತಾರೆಂಬ ಹೆದರಿಕೆಯಿಂದ "ಎಲ್ಲ ಸರಿಯಾಗಿ ನುಂಗಿದ್ದೇನೆ" ಎಂದರೆ ನಷ್ಟ ನಿಮ್ಮ ಲಿವರ್‌ಗೆ.

ನಾಲ್ಕನೇ ವಾರದಲ್ಲಿ ವೈರಸ್ ಕಾಣಲಿಲ್ಲ ಎಂದು ನಿಲ್ಲಿಸುವವರೂ ಇದ್ದಾರೆ. ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿದೆ ಎಂದು ಮಾತ್ರ ಅದರ ಅರ್ಥ. ಹೊಲದಲ್ಲಿ ಗರಿಕೆಯ ತಲೆ ಕೊಯ್ದ ಹಾಗೆ, ಬೇರು ಒಳಗಿದ್ದರೆ ಮತ್ತೆ ಚಿಗುರುತ್ತದೆ. ಅರೆಬರೆ ಚಿಕಿತ್ಸೆಯಿಂದ ಉಳಿದ ವೈರಸ್ ಆ ಮಾತ್ರೆಗೇ ಬಗ್ಗದಂತಾಗುವ ಅಪಾಯವೂ ಇದೆ.

ನಡುವೆ ಏನೇನು ಗಮನಿಸಬೇಕು

ತಲೆನೋವು, ಸುಸ್ತು, ಸ್ವಲ್ಪ ಓಕರಿಕೆ ಸಾಮಾನ್ಯ, ಇದಕ್ಕೆ ಮಾತ್ರೆ ಬಿಡಬೇಕಿಲ್ಲ. ಸಕ್ಕರೆ ಕಾಯಿಲೆಯವರಿಗೆ ವೈರಸ್ ಇಳಿದಂತೆ ಸಕ್ಕರೆಯೂ ಇಳಿಯುವುದುಂಟು. ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ಬೆವರಿ, ನಡುಗಿ ಬೀಳಬಹುದು. ಮೊದಲ ಕೆಲವು ವಾರ ಸಕ್ಕರೆ ಪದೇ ಪದೇ ನೋಡಿಕೊಳ್ಳಿ.

ರಿಬಾವಿರಿನ್ ಇರುವವರ ಕಥೆ ಬೇರೆ. ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸಹಜ ಲಿವರ್ ಇದ್ದವರಿಗೆ ತೂಕ 75 ಕೆಜಿಗಿಂತ ಕಡಿಮೆಯಾದರೆ 1000, ಹೆಚ್ಚಾದರೆ 1200 ಮಿಲಿಗ್ರಾಂ, ದಿನಕ್ಕೆ ಎರಡು ಭಾಗವಾಗಿ ಊಟದ ಜೊತೆ. ಸೋತ ಲಿವರ್‌ನವರಿಗೆ 600ರಿಂದ ಶುರು ಮಾಡುತ್ತಾರೆ. 2ನೇ ಮತ್ತು 4ನೇ ವಾರ, ಆಮೇಲೂ ಆಗಾಗ ಹಿಮೋಗ್ಲೋಬಿನ್ ನೋಡಬೇಕು. 10ಕ್ಕಿಂತ ಇಳಿದರೆ ಪ್ರಮಾಣ ತಗ್ಗಿಸುತ್ತಾರೆ, 8.5ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು, ಎದೆನೋವು ಬಂದರೆ ಮುಂದಿನ ತಾರೀಕಿಗೆ ಕಾಯಬೇಡಿ.

ಕಣ್ಣು ಹಳದಿಯಾಗುವುದು, ಹೊಟ್ಟೆ ಊದುವುದು, ರಕ್ತವಾಂತಿ, ಕಪ್ಪು ಮಲ, ಹಗಲು ತೂಕಡಿಸಿ ಮಾತು ತೊದಲುವುದು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆ. ಕುಡಿತ ಬಿಡಿ. ಬಿಡಲಾಗದಿದ್ದರೂ ಚಿಕಿತ್ಸೆಗೆ ಬನ್ನಿ, ಕುಡಿಯುತ್ತೀರೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಕೊನೆಯ ಮಾತ್ರೆಯ ನಂತರ

ಅತಿ ಹೆಚ್ಚು ಜನ ಕೈಬಿಡುವ ಹೆಜ್ಜೆ ಇದು. ಮಾತ್ರೆ ಮುಗಿದು ಇನ್ನೂ 12 ವಾರ ಕಳೆದ ಮೇಲೆ ಮತ್ತೊಮ್ಮೆ ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕು. ಆಗ ವೈರಸ್ ಕಾಣದಿದ್ದರೆ ಮಾತ್ರ ವಾಸಿಯಾಯಿತೆಂದು ಹೇಳುತ್ತಾರೆ. ಮೇಲಿನ ಉದಾಹರಣೆಯಲ್ಲಿ ಮಾರ್ಚ್ 29ಕ್ಕೆ ಮುಗಿಸಿದವರು ಜೂನ್ 22ರ ಸೋಮವಾರ ಅಥವಾ ಆಮೇಲೆ ರಕ್ತ ಕೊಡಬೇಕು. ತಡವಾದರೆ ತೊಂದರೆಯಿಲ್ಲ, ಬೇಗ ಮಾಡಿಸಿದರೆ ಉತ್ತರ ನಂಬುವಂತಿಲ್ಲ. ರಿಪೋರ್ಟಿನಲ್ಲಿ "ಟಾರ್ಗೆಟ್ ನಾಟ್ ಡಿಟೆಕ್ಟೆಡ್" ಎಂದಿರಬೇಕು. ಪ್ರತಿಕಾಯ ಪರೀಕ್ಷೆಯನ್ನು ಮಾತ್ರ ಮತ್ತೆ ಮಾಡಿಸಬೇಡಿ. ಅದು ಯಾವತ್ತೂ "ರಿಯಾಕ್ಟಿವ್" ಎಂದೇ ಬರುತ್ತದೆ, ಸುಮ್ಮನೆ ಭಯ. ಮುಂದೆ ಆಪರೇಷನ್ ಇತ್ಯಾದಿಗೆ ಯಾರಾದರೂ ಕೇಳಿದರೆ ತೋರಿಸಲು ಈ ಆರ್‌ಎನ್‌ಎ ರಿಪೋರ್ಟಿನ ಎರಡು ಪ್ರತಿ ಇಟ್ಟುಕೊಳ್ಳಿ.

ವಾಸಿಯಾದವರಿಗೆ ಮತ್ತೆ ತಗುಲದೆಂಬ ಖಾತ್ರಿಯಿಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ಒಬ್ಬರಿಗೆ ಬಳಸಿದ ಸೂಜಿ, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಚ್ಚೆ, ಕ್ಷೌರದಲ್ಲಿ ಬದಲಿಸದ ಬ್ಲೇಡು ಇವುಗಳಿಂದ ದೂರವಿರಿ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಮನೆಯಲ್ಲಿ ಲೋಟ ಬೇರೆ ಇಡುವ ಅಗತ್ಯವಿಲ್ಲ. ಹೆಂಡತಿ, ಗಂಡ, ಸೋಂಕಿತ ತಾಯಿಯ ಮಕ್ಕಳು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಸಿರೋಸಿಸ್ ಇದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು, ಏಕೆಂದರೆ ಲಿವರ್ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ.

ಪರೀಕ್ಷೆಯಲ್ಲಿ ವೈರಸ್ ಮತ್ತೆ ಕಂಡರೆ ಅದೇ ಮಾತ್ರೆಯನ್ನು ಇನ್ನೊಂದು ಸುತ್ತು ನುಂಗುವುದು ಪರಿಹಾರವಲ್ಲ. ಮಾದರಿ ಚಿಕಿತ್ಸಾ ಕೇಂದ್ರದಲ್ಲಿ ಬೇರೆ ಸಂಯೋಜನೆ, ಬೇರೆ ಅವಧಿ ನಿಗದಿ ಮಾಡುತ್ತಾರೆ. ಸೊಫೋಸ್ಬುವಿರ್, ವೆಲ್ಪಟಾಸ್ವಿರ್, ವಾಕ್ಸಿಲಾಪ್ರೆವಿರ್ ಮೂರೂ ಸೇರಿದ 12 ವಾರದ ಮಾತ್ರೆ ಅಂಥವರಿಗಾಗಿಯೇ ಇರುವುದು, ಲಿವರ್ ಸೋತವರಿಗೆ ಮಾತ್ರ ಅದು ಸಲ್ಲದು. ಹೋಗುವಾಗ ಮೊದಲ ವೈರಲ್ ಲೋಡ್, ಚಿಕಿತ್ಸೆಗೆ ಮುಂಚಿನ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್, ಸ್ಕ್ಯಾನ್, ಖಾಲಿ ಡಬ್ಬಿಗಳು, ಅಡ್ಡಗೆರೆ ಹಾಕಿದ ಕ್ಯಾಲೆಂಡರ್ ಪುಟಗಳು, ಆ ದಿನಗಳಲ್ಲಿ ನುಂಗಿದ ಬೇರೆ ಮಾತ್ರೆಗಳ ಪಟ್ಟಿ ಎಲ್ಲವೂ ಜೊತೆಗಿರಲಿ. ಮಾತ್ರೆ ಸೋತಿತೋ, ಗ್ಯಾಸ್ಟ್ರಿಕ್ ಮಾತ್ರೆ ಅಡ್ಡ ಬಂತೋ, ದಿನ ತಪ್ಪಿತೋ ಎಂಬುದನ್ನು ತಜ್ಞರು ಪತ್ತೆ ಮಾಡುವುದು ಇವುಗಳಿಂದಲೇ.